ಸಿದ್ದಿಗಳ ಹಿರಿಯರು ಯಾವ ಊರಿನವರು?



ಮಹಾಲಯ ಅಮಾವಾಸ್ಯೆಯ ಬೆಳಗಿನ ಜಾವ ನಾಲ್ಕು ಗಂಟೆಗೆ ಬೆಹಾಲಾದ ಯಾವುದಾದರೂ ಗಲ್ಲಿಯಲ್ಲಿ ಒಂದು ನಿಮಿಷ ನಿಂತು ಕಿವಿಗೊಡಿ. ಡೈಮಂಡ್ ಹಾರ್ಬರ್ ರಸ್ತೆಯ ಬಸ್ಸುಗಳಿನ್ನೂ ಎದ್ದಿರುವುದಿಲ್ಲ. ಆದರೆ ಒಂದಲ್ಲ ಒಂದು ಕಿಟಕಿಯಿಂದ ರೇಡಿಯೋ ಕೇಳಿಸುತ್ತದೆ. 'ಮಹಿಷಾಸುರಮರ್ದಿನಿ' ಕಾರ್ಯಕ್ರಮ, ಬೀರೇಂದ್ರಕೃಷ್ಣ ಭದ್ರರ ದನಿ. 1930ರ ದಶಕದ ಆರಂಭದಿಂದ ಬಂಗಾಳ ಈ ದನಿಗೇ ಎದ್ದಿದೆ. 1976ರಲ್ಲಿ ಅವರ ಬದಲು ಸಿನಿಮಾ ನಟ ಉತ್ತಮ್ ಕುಮಾರ್ ಅವರ ದನಿ ಹಾಕಿದಾಗ ಕೇಳುಗರು ರೇಗಿಬಿದ್ದರು, ಹಳೆಯ ದನಿಯೇ ಮರಳಿ ಬರಬೇಕಾಯಿತು. ಭದ್ರರು ತೀರಿಕೊಂಡದ್ದು 1991ರಲ್ಲಿ. ಆಮೇಲೂ ವರ್ಷಕ್ಕೊಮ್ಮೆ, ಅದೂ ಸತ್ತವರನ್ನು ನೆನೆಯುವ ದಿನದಂದೇ, ಅವರು ಬಂದು ಊರನ್ನು ಎಬ್ಬಿಸುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಗಂಗೆಯ ಘಾಟುಗಳಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಜನ ತರ್ಪಣ ಬಿಡುತ್ತಿರುತ್ತಾರೆ.

ಅದೇ ದಿನ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ಹಬ್ಬ. ಹೊಸ ಬಟ್ಟೆ ಇಟ್ಟು, ಎಡೆ ಹಾಕಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ಕೂರುವ ರೂಢಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಜ್ಜಿಗೆ ಇಷ್ಟವಾಗಿದ್ದ ಕರ್ಜಿಕಾಯಿ, ತಾತನಿಗೆ ಇಷ್ಟವಾಗಿದ್ದ ಬೀಡಿ. ಹೌದು, ಬೀಡಿಯೂ! ಸತ್ತವರ ಚಟವನ್ನು ತಿದ್ದುವ ಉಸಾಬರಿ ನಮ್ಮವರಿಗಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಲ ನನ್ನ ಜೊತೆ ಸ್ವಲ್ಪ ದೂರ ಬನ್ನಿ. ಮೊದಲು ಆಫ್ರಿಕಾಕ್ಕೆ, ಅಲ್ಲಿಂದ ನಮ್ಮದೇ ಯಲ್ಲಾಪುರದ ಕಾಡಿಗೆ.

ಆಫ್ರಿಕಾದ ಹಳೆಯ ಧರ್ಮ ಎಂದ ಕೂಡಲೇ ನಮ್ಮ ತಲೆಗೆ ಬರುವುದು ಹಾಲಿವುಡ್ ಸಿನಿಮಾದ ಮಾಟಗಾರ, ಎಲುಬಿನ ಸರ, ಬೆಂಕಿಯ ಸುತ್ತ ಕುಣಿತ. ಹೊರಗಿನವರು ಅದಕ್ಕಿಟ್ಟ ಹೆಸರುಗಳೂ ಹಾಗೆಯೇ ಇದ್ದವು. 'ಫೆಟಿಷ್' ಎಂಬ ಇಂಗ್ಲಿಷ್ ಪದವನ್ನೇ ನೋಡಿ. ಅದರ ಮೂಲ ಮಾಟ-ಮಂತ್ರ ಎಂಬ ಅರ್ಥದ ಪೋರ್ಚುಗೀಸ್ ಪದ. ಆಫ್ರಿಕಾದ ಕರಾವಳಿಗೆ ಹಡಗು ಹತ್ತಿ ಬಂದ ಪೋರ್ಚುಗೀಸರು ಅಲ್ಲಿನವರು ಪೂಜಿಸುವುದನ್ನೆಲ್ಲ ಆ ಒಂದೇ ಪದದಲ್ಲಿ ಕಟ್ಟಿಹಾಕಿದರು. ಈ ಪೋರ್ಚುಗೀಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾರೆ.

ಈ ತಪ್ಪನ್ನು ತಿದ್ದಲು ಹೊರಟವರಲ್ಲಿ ಮುಖ್ಯರು ಕೀನ್ಯಾದ ಜಾನ್ ಎಂಬಿಟಿ. ವೃತ್ತಿಯಿಂದ ಆಂಗ್ಲಿಕನ್ ಪಾದ್ರಿ. ಆಫ್ರಿಕಾದ ಧರ್ಮಗಳನ್ನೂ ತತ್ತ್ವಚಿಂತನೆಯನ್ನೂ ಕುರಿತ ಅವರ ಪುಸ್ತಕ 1969ರಲ್ಲಿ ಬಂತು. ಅದರಲ್ಲಿ ಅವರೊಂದು ವಿಚಿತ್ರ ಪದವನ್ನು ಬಳಸುತ್ತಾರೆ, 'ಬದುಕಿರುವ ಸತ್ತವರು' ಎಂದು. ಒಬ್ಬ ಮುದುಕ ತೀರಿಕೊಂಡ ಎನ್ನಿ. ಅವನನ್ನು ಕಣ್ಣಾರೆ ಕಂಡವರು, ಹೆಸರು ಹಿಡಿದು ಕರೆಯಬಲ್ಲವರು ಇರುವ ತನಕ ಅವನು ಪೂರ್ತಿ ಸತ್ತಿಲ್ಲ. ಅವನಿನ್ನೂ ಮನೆಯವನೇ. ಊಟದಲ್ಲಿ ಅವನಿಗೊಂದು ತುತ್ತು, ಹೆಂಡದಲ್ಲಿ ಒಂದು ಹನಿ ನೆಲಕ್ಕೆ. ಮಗು ಹುಟ್ಟಿದರೆ, ಮದುವೆ ಗೊತ್ತಾದರೆ, ಜಮೀನಿನ ಜಗಳವಾದರೆ ಅವನಿಗೆ ಹೇಳಬೇಕು. ಹೇಳದಿದ್ದರೆ ಅವನು ಮುನಿಸಿಕೊಂಡಾನು. ನಾಲ್ಕೈದು ತಲೆಮಾರು ಕಳೆದು ಹೆಸರು ಹೇಳುವವರು ಯಾರೂ ಉಳಿಯದಿದ್ದಾಗ ಅವನು ನಿಜವಾಗಿ ಸಾಯುತ್ತಾನೆ. ಆಗ ಅವನು ಯಾರ ತಾತನೂ ಅಲ್ಲ, ಹೆಸರಿಲ್ಲದ ಒಂದು ಚೇತನ ಅಷ್ಟೇ.

ಎಂಬಿಟಿಯವರನ್ನು ಎಲ್ಲರೂ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಉಗಾಂಡಾದ ಕವಿ ಒಕೋಟ್ ಪಿಬಿಟೆಕ್ ಅವರದು ಖಾರವಾದ ಆಕ್ಷೇಪ. ಪಾದ್ರಿಗಳು ತಮ್ಮ ದೇವರನ್ನೇ ಆಫ್ರಿಕಾದ ಬಟ್ಟೆ ತೊಡಿಸಿ ಕೂರಿಸಿದ್ದಾರೆ ಎಂದವರು ಅವರು. ಅವರ ಮಾತಿನಲ್ಲಿ ಹುರುಳಿದೆ. ಅಷ್ಟು ದೊಡ್ಡ ಖಂಡಕ್ಕೆಲ್ಲ ಒಂದೇ ಧರ್ಮ ಎನ್ನುವುದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಅಡುಗೆ ಎಂದ ಹಾಗೆ. ಆದರೂ ಹಿರಿಯರ ವಿಷಯದಲ್ಲಿ ಬೇರೆ ಬೇರೆ ನಾಡುಗಳ ನಡವಳಿಕೆಯಲ್ಲಿ ಒಂದು ಹೋಲಿಕೆ ಕಾಣುತ್ತದೆ. ಘಾನಾದ ಅಶಾಂತಿ ಜನ ತೀರಿಹೋದ ಅರಸನ ಮಣೆಗೆ ಕಪ್ಪು ಹಚ್ಚಿ ಪ್ರತ್ಯೇಕ ಕೋಣೆಯಲ್ಲಿಟ್ಟು ಅದಕ್ಕೆ ಊಟ-ಪಾನೀಯ ಕೊಡುತ್ತಾರೆ. ಉತ್ತರ ಮೊಜಾಂಬಿಕ್‌ನ ಮಕುವಾ ಜನ ಮರದ ಬುಡದಲ್ಲಿ ಹಿಟ್ಟು ಸುರಿದು ಹಿರಿಯರೊಡನೆ ಮಾತಾಡುತ್ತಾರೆ. ಜಿಂಬಾಬ್ವೆಯ ಶೋನಾ ಜನ ರಾತ್ರಿಯಿಡೀ ಎಂಬಿರಾ ಎಂಬ ಲೋಹದ ಕಡ್ಡಿಗಳ ವಾದ್ಯ ನುಡಿಸುತ್ತಾರೆ. ನುಡಿಸುತ್ತಾ ನುಡಿಸುತ್ತಾ ಒಬ್ಬರ ಮೈಮೇಲೆ ಹಿರಿಯರು ಬರುತ್ತಾರೆ, ಮನೆಯವರ ಕಷ್ಟ ವಿಚಾರಿಸುತ್ತಾರೆ.

ಇದು ಬರೀ ಮನೆಯೊಳಗಿನ ವಿಷಯ ಎಂದುಕೊಳ್ಳಬೇಡಿ. ಶೋನಾ ಜನರಲ್ಲಿ ನೆಹಾಂಡಾ ಎಂಬ ಹಿರಿಯ ಚೇತನ ಮೈಮೇಲೆ ಬರುತ್ತಿದ್ದ ಚಾರ್ವೆ ಎಂಬ ಹೆಂಗಸು ಬ್ರಿಟಿಷರ ವಿರುದ್ಧದ ದಂಗೆಯಲ್ಲಿ ಮುಂದಾಳಾಗಿದ್ದಳು. 1898ರಲ್ಲಿ ಅವಳನ್ನು ಗಲ್ಲಿಗೇರಿಸಿದರು. 2021ರಲ್ಲಿ ಹರಾರೆಯ ನಡುಬೀದಿಯಲ್ಲಿ ಅವಳ ಪ್ರತಿಮೆ ಎದ್ದಿತು. ನೆಲವನ್ನು ಕಾಯುವವರು ಹಿರಿಯರು ಎಂದು ನಂಬಿದ ಜನ ಅವರ ಮಾತು ಕೇಳಿ ನೆಲಕ್ಕಾಗಿ ಹೋರಾಡಿದ್ದರಲ್ಲಿ ಆಶ್ಚರ್ಯವೇನಿದೆ?

ಈಗ ಒಂದು ಪ್ರಶ್ನೆ. ಹಿರಿಯರು ನೆಲಕ್ಕೆ ಅಂಟಿಕೊಂಡವರು. ಅವರ ಗೋರಿ, ಅವರ ಮರ, ಅವರ ಮಣೆ ಎಲ್ಲ ಊರಿನಲ್ಲಿರುತ್ತವೆ. ಹಾಗಿದ್ದರೆ ಸಂಕೋಲೆ ಹಾಕಿ ಹಡಗಿಗೆ ತುಂಬಿಸಿ ಸಮುದ್ರ ದಾಟಿಸಿದ ಮನುಷ್ಯನ ಹಿರಿಯರು ಎಲ್ಲಿಗೆ ಹೋದರು?

ಭಾರತಕ್ಕೆ ಬಂದ ಆಫ್ರಿಕಾದವರೆಲ್ಲ ಗುಲಾಮರಾಗಿಯೇ ಉಳಿಯಲಿಲ್ಲ. ನಾವಿರುವ ಈ ಬಂಗಾಳವನ್ನೇ 1487ರಿಂದ ಆರೇಳು ವರ್ಷ ಹಬ್ಶಿ ಸುಲ್ತಾನರು ಆಳಿದರು. ಮಾಲ್ದಾ ಕಡೆ ಗೌಡದ ಹಾಳು ನೋಡಲು ಹೋದವರು ಫಿರೋಜ್ ಮಿನಾರ್ ಕಂಡಿರುತ್ತೀರಿ. ಅದು ಅವರಲ್ಲೊಬ್ಬನ ಹೆಸರಿನದು. ನಮ್ಮ ವಿಜಾಪುರದಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲಕ್ಕೆ ಇಖ್ಲಾಸ್ ಖಾನ್ ಎಂಬ ಹಬ್ಶಿ ದೊಡ್ಡ ಅಧಿಕಾರಿಯಾಗಿದ್ದ. ಅಹಮದ್‌ನಗರದ ಮಲಿಕ್ ಅಂಬರನಂತೂ ಮೊಗಲರಿಗೆ ನಿದ್ದೆಗೆಡಿಸಿದವನು. ಇವರ ಹೆಸರುಗಳು ಇತಿಹಾಸದಲ್ಲಿವೆ. ಹೆಸರಿಲ್ಲದವರೂ ಇದ್ದರು. 1780ರ ಸುಮಾರಿನ ಕಲ್ಕತ್ತೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಫ್ರೆಂಚ್ ಹಾರ್ನ್ ನುಡಿಸಬಲ್ಲ 'ಕಾಫ್ರಿ' ಹುಡುಗರು ಬೇಕಾಗಿದ್ದಾರೆ ಎಂಬ ಜಾಹೀರಾತು ಬರುತ್ತಿತ್ತು. ಈ ಊರಿನ ದೊಡ್ಡ ಬಂಗಲೆಗಳಲ್ಲಿ ಸಾಹೇಬರ ಊಟದ ಹೊತ್ತಿಗೆ ತುತ್ತೂರಿ ಊದಿದ ಆ ಹುಡುಗರ ತಾಯಂದಿರು ಯಾವ ಹಳ್ಳಿಯವರೋ.

ಕರ್ನಾಟಕದ ಸಿದ್ದಿಗಳ ಕಥೆ ಹೆಚ್ಚಾಗಿ ಗೋವೆಯಿಂದ ಶುರುವಾಗುತ್ತದೆ. ಪೋರ್ಚುಗೀಸರು ಪೂರ್ವ ಆಫ್ರಿಕಾದ ಕರಾವಳಿಯಿಂದ, ಅದರಲ್ಲೂ ಮೊಜಾಂಬಿಕ್‌ನಿಂದ, ಜನರನ್ನು ತಂದು ಗೋವೆಯಲ್ಲಿ ಮಾರುತ್ತಿದ್ದರು. ತಂದವರಿಗೆ ದೀಕ್ಷಾಸ್ನಾನ ಮಾಡಿಸಿ ಪೋರ್ಚುಗೀಸ್ ಹೆಸರಿಡುತ್ತಿದ್ದರು. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ನಾಲ್ಕು ವರ್ಷ ಬಿಟ್ಟು, ಇನ್‌ಕ್ವಿಸಿಷನ್ ಇತ್ತು. ಚರ್ಚಿಗೆ ಸೇರಿದವನು ಹಳೆಯ ಪೂಜೆ ಮಾಡಿ ಸಿಕ್ಕಿಬಿದ್ದರೆ ವಿಚಾರಣೆ. ಗುಲಾಮರ ವ್ಯಾಪಾರಕ್ಕೆ ಪೋರ್ಚುಗಲ್ ಕಾನೂನಿನಲ್ಲಿ ತಡೆ ಹಾಕಿದ್ದು 1836ರಲ್ಲಿ. ಅಷ್ಟರೊಳಗೆ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟ ಹತ್ತಿದ್ದರು. ಅಲ್ಲಿ ಕಾಡು ದಟ್ಟವಾಗಿತ್ತು, ಗೋವೆಯ ಯಜಮಾನನ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹಾಗೆ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆಯ ಕಾಡಂಚಿನಲ್ಲಿ ಸಿದ್ದಿಗಳ ಕೇರಿಗಳಾದವು. ಸುತ್ತಲಿನವರ ಜೊತೆ ಬೆರೆಯುತ್ತಾ ಕೆಲವರು ಹಿಂದೂಗಳಾದರು, ಕೆಲವರು ಮುಸಲ್ಮಾನರು, ಕೆಲವರು ಕ್ರೈಸ್ತರಾಗಿಯೇ ಉಳಿದರು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅವರ ಸಂಖ್ಯೆ ಹತ್ತು ಸಾವಿರಕ್ಕೆ ಸ್ವಲ್ಪ ಮೇಲೆ.

ಅವರು ಕಳೆದುಕೊಂಡದ್ದನ್ನು ಲೆಕ್ಕ ಹಾಕಿ. ಭಾಷೆ ಹೋಯಿತು. ಮನೆಯಲ್ಲಿ ಆಡುವುದು ಹೆಚ್ಚಾಗಿ ಕೊಂಕಣಿ, ಹೊರಗೆ ಕನ್ನಡ. ಊರಿನ ಹೆಸರು ಹೋಯಿತು. ಕುಲದ ಹೆಸರು ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಡಗಿನಲ್ಲಿ ಬಂದವರ ಹೆಸರು ಹೋಯಿತು. ಎಂಬಿಟಿಯವರ ಲೆಕ್ಕ ಇಲ್ಲಿ ಕಠೋರವಾಗಿ ಕಾಣುತ್ತದೆ. ಹೆಸರು ಹೋದರೆ ಹಿರಿಯ ಸತ್ತ ಹಾಗೆ. ಹಾಗಿದ್ದರೆ ಸಿದ್ದಿಗಳಿಗೆ ಹಿರಿಯರೇ ಇರಬಾರದಿತ್ತು.

ಆದರೆ ಇದ್ದಾರೆ! ಸಿದ್ದಿಗಳ ಬದುಕನ್ನು ಕುರಿತು ಬರೆದವರೆಲ್ಲ ಗಮನಿಸಿದ ಒಂದು ಸಂಗತಿ ಅವರ ಹಿರಿಯರ ಪೂಜೆ. ಕೆಲವು ಮನೆಗಳಲ್ಲಿ ತೆಂಗಿನಕಾಯಿಯೇ ಹಿರಿಯರ ಗುರುತು. ಅದನ್ನಿಟ್ಟ ಜಾಗ ಮನೆಯಲ್ಲಿ ಶುದ್ಧವಾದ ಜಾಗ. ಹಬ್ಬದಲ್ಲಿ ಅವರಿಗೆ ಎಡೆ. ಮನೆಯಲ್ಲಿ ಕಾಯಿಲೆ ಬಿಡದಿದ್ದರೆ ಹಿರಿಯರಿಗೆ ಏನು ಕೊರತೆಯಾಯಿತು ಎಂದು ಕೇಳುವುದು. ಯಲ್ಲಾಪುರ ಕಡೆಯ ಸಾತುಂಬೈಲಿನಲ್ಲಿ ಸಿದ್ದಿನಾಸ್ ಎಂಬ ದೈವದ ತಾಣವಿದೆ. ವರ್ಷಕ್ಕೊಮ್ಮೆ ಅಲ್ಲಿ ಪೂಜೆಗೆ ಮೂರೂ ಧರ್ಮದ ಸಿದ್ದಿಗಳು ಸೇರುತ್ತಾರೆ. ಚರ್ಚಿಗೆ ಹೋಗುವವರು, ದರ್ಗಾಕ್ಕೆ ಹೋಗುವವರು, ತುಳಸಿಗೆ ಸುತ್ತು ಬರುವವರು ಒಂದೇ ದೈವದ ಮುಂದೆ ನಿಲ್ಲುತ್ತಾರೆ. ಬೇರೆ ಕಡೆ ಸರ್ವಧರ್ಮ ಸಮ್ಮೇಳನಕ್ಕೆ ಪೆಂಡಾಲು, ಮೈಕು, ಮಂತ್ರಿಗಳು ಬೇಕಾಗುತ್ತಾರೆ. ಇನ್ನು ದಮಾಮಿ. ಚರ್ಮ ಬಿಗಿದ ಆ ವಾದ್ಯಕ್ಕೂ ಅದರ ಜೊತೆಗಿನ ಹಾಡು-ಕುಣಿತಕ್ಕೂ ಅದೇ ಹೆಸರು. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲೂ ಹೀಗೆಯೇ. 'ಎನ್ಗೋಮಾ' ಎಂದರೆ ಡೋಲೂ ಹೌದು, ಕುಣಿತವೂ ಹೌದು. ಗುಜರಾತಿನ ರತನ್‌ಪುರದ ಬಾವಾ ಗೋರ್ ದರ್ಗಾದಲ್ಲಿ ಅಲ್ಲಿನ ಸಿದಿಗಳು ತಮ್ಮ ಕುಣಿತವನ್ನು 'ಗೋಮಾ' ಎಂದೇ ಕರೆಯುತ್ತಾರೆ. ಸಮುದ್ರ ದಾಟಿ ಉಳಿದುಕೊಂಡ ಒಂದು ಪದ!

ಹಾಗಾದರೆ ಸಿದ್ದಿಗಳ ಹಿರಿಯರ ಪೂಜೆ ಆಫ್ರಿಕಾದಿಂದ ಬಂದದ್ದು ಎಂದು ಹೇಳಿಬಿಡಬಹುದೇ? ಬಹಳ ಜನ ಹೇಳಿದ್ದಾರೆ. ನನಗೆ ಮಾತ್ರ ಅಷ್ಟು ಧೈರ್ಯ ಬರುವುದಿಲ್ಲ. ಕಾರಣ ಕಣ್ಣೆದುರಿಗೇ ಇದೆ. ಅವರು ಬಳಸುವ ಪದ 'ಹಿರಿಯರು'. ಅದು ಆಫ್ರಿಕಾದ ಪದವಲ್ಲ, ಅಚ್ಚಗನ್ನಡ. ಬಾಂಟು ಭಾಷೆಗಳಲ್ಲಿ ಹಿರಿಯ ಚೇತನಕ್ಕೆ 'ಎಂಜಿಮು', 'ಮುದ್ಜಿಮು' ಎಂಬಂಥ ಹೆಸರುಗಳಿವೆ. ಆ ಹೆಸರು ಘಟ್ಟದ ಮೇಲೆ ಉಳಿಯಲಿಲ್ಲ. ತೆಂಗಿನಕಾಯಿಯಲ್ಲಿ ಹಿರಿಯರನ್ನು ಕಾಣುವುದು, ಎಡೆ ಇಡುವುದು, ಮೈಮೇಲೆ ಬರಿಸಿಕೊಂಡು ಕೇಳುವುದು, ಇವೆಲ್ಲ ಸಿದ್ದಿಗಳ ಅಕ್ಕಪಕ್ಕದವರಲ್ಲೂ ಇವೆ. ಘಟ್ಟದ ಕೆಳಗೆ ದಕ್ಷಿಣಕ್ಕೆ ಹೋದರೆ ಕಾಸರಗೋಡಿನವರೆಗೂ ಭೂತ, ದೈವ, ಕೋಲ. ಹಾಗಿರುವಾಗ ಇದು ಆಫ್ರಿಕಾದ್ದು, ಇದು ನಮ್ಮದು ಎಂದು ಗೆರೆ ಎಳೆಯುವುದು ಹೇಗೆ?

ಕೌದಿಯ ಉದಾಹರಣೆ ನೋಡಿ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ, ನಾಲ್ಕು ಮೂಲೆಗೆ ಚೌಕದ ಹೂವು ಕೂರಿಸುತ್ತಾರೆ. ಆ ಹೂವಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬುದು ಅವರ ಮಾತು. ಅಮೆರಿಕದ ಗ್ಯಾಲರಿಗಳು ಅದರಲ್ಲಿ ಆಫ್ರಿಕಾವನ್ನು ಕಂಡವು. ಕಂಡರೆ ತಪ್ಪಿಲ್ಲ. ಆದರೆ ಹಳೆ ಬಟ್ಟೆಗೆ ಹೊಲಿಗೆ ಹಾಕಿ ಹೊದಿಕೆ ಮಾಡುವುದು ಉತ್ತರ ಕರ್ನಾಟಕದ ಎಲ್ಲ ಅಜ್ಜಿಯರ ಕೆಲಸ. ಬಂಗಾಳದಲ್ಲಿ ಅದೇ ಕಾಂಥಾ. ಬೆಹಾಲಾ ದಾಟಿ ಜೋಕಾದಲ್ಲಿ ಗುರುಸದಯ್ ದತ್ತರ ಹೆಸರಿನ ಸಂಗ್ರಹಾಲಯವಿದೆಯಲ್ಲ, ಅವರು ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ್ದರಲ್ಲಿ ಕಾಂಥಾಗಳದೇ ಒಂದು ದೊಡ್ಡ ಪಾಲು.

ಸಿದ್ದಿಗಳಲ್ಲಿ ಆಫ್ರಿಕಾವನ್ನು ಹುಡುಕುವ ಹುಮ್ಮಸ್ಸು ಹೊರಗಿನವರಿಗೆ ಯಾವಾಗಲೂ ಹೆಚ್ಚು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳಲ್ಲಿ ಒಲಿಂಪಿಕ್ ಓಟಗಾರರನ್ನು ಹುಡುಕಿತು, 1990ರ ದಶಕದಲ್ಲಿ ಆ ಯೋಜನೆಯನ್ನು ಅರ್ಧಕ್ಕೆ ಬಿಟ್ಟಿತು. 2011ರಲ್ಲಿ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಡಿಎನ್‌ಎ ಪರೀಕ್ಷಿಸಿ, ಸಿದ್ದಿಗಳ ಮೂಲ ಬಾಂಟು ಭಾಷೆಗಳನ್ನಾಡುವ ಆಫ್ರಿಕಾದ ಜನರಲ್ಲಿದೆ, ಕಳೆದ ಇನ್ನೂರು ವರ್ಷಗಳ ಆಸುಪಾಸಿನಲ್ಲಿ ಸ್ಥಳೀಯರ ಜೊತೆ ಬೆರೆತಿದ್ದಾರೆ ಎಂದರು. ಅವರಿಗೆ ಬೇಕಾಗಿದ್ದದ್ದು ಮಾತ್ರ ಬೇರೆ. ಕಾಲ ಕೆಳಗಿನ ನೆಲದ ಪಟ್ಟಾ, ಶಾಲೆ, ಕೆಲಸ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಶಾಸನಸಭೆ ಮೆಟ್ಟಿಲು ಹತ್ತಿದ ಮೊದಲಿಗರು.

ನೆಲ ಎಂದಾಗ ಹಿರಿಯರ ಮಾತು ತಿರುಗಿ ಬರುತ್ತದೆ. ಕಾಡಂಚಿನಲ್ಲಿ ತಲೆತಲಾಂತರದಿಂದ ಇದ್ದೇವೆ ಎನ್ನುವುದಕ್ಕೆ ಸಿದ್ದಿಗಳ ಬಳಿ ತಾಮ್ರಶಾಸನವಿಲ್ಲ. ನಮ್ಮ ಹಿರಿಯರಿಗೆ ಇಲ್ಲೇ ಎಡೆ ಇಟ್ಟಿದ್ದೇವೆ, ನಮ್ಮ ದೈವ ಇಲ್ಲೇ ಕೂತಿದೆ ಎನ್ನಬಹುದು, ಅಷ್ಟೇ. ಆದ್ದರಿಂದ ಅವರ ಹಿರಿಯರನ್ನು ಪೂರ್ತಿ ಆಫ್ರಿಕಾಕ್ಕೆ ಕಳಿಸಿಬಿಡುವುದು ಮೇಲ್ನೋಟಕ್ಕೆ ಗೌರವದ ಹಾಗೆ ಕಂಡರೂ ನನಗೆ ಸರಿ ಕಾಣುವುದಿಲ್ಲ. ಹಾಗೆಂದು ಎಲ್ಲವೂ ಇಲ್ಲಿಂದಲೇ ಕಲಿತದ್ದು ಎನ್ನುವುದೂ ನ್ಯಾಯವಲ್ಲ. ಸತ್ತವರಿಗೆ ಉಣಿಸುವುದನ್ನು ಬಲ್ಲ ಜನ ಸತ್ತವರಿಗೆ ಉಣಿಸುವ ಊರಿಗೇ ಓಡಿಬಂದು ಸೇರಿದರು. ಬಾಗಿಲು ಹೊಸದು, ಒಳಗಿನ ಪದ್ಧತಿ ಗುರುತಿನದು. ಹೆಸರು ಮರೆತವರಿಗೆ ಕನ್ನಡದ ಬಹುವಚನ ನೆರವಿಗೆ ಬಂತು. ಎಂಬಿಟಿಯವರ ಹಿರಿಯನಿಗೆ ಸ್ವಂತ ಹೆಸರು ಬೇಕು. 'ಹಿರಿಯರು' ಎಂಬ ಪದಕ್ಕೆ ಬೇಡ. ಅದರಲ್ಲಿ ಮೊನ್ನೆ ತೀರಿದ ಅಜ್ಜಿಯೂ ಇದ್ದಾಳೆ, ಮೊಜಾಂಬಿಕ್‌ನ ದಂಡೆಯಲ್ಲಿ ಹಡಗು ಹತ್ತಿದ ಆ ಮೊದಲಿನವನೂ ಇದ್ದಾನೆ.

ಕೊಚ್ಚಿಯಲ್ಲಿ ಇದು ಇನ್ನೊಂದು ರೀತಿಯಾಗಿದೆ. 1663ರಲ್ಲಿ ಡಚ್ಚರು ಕೊಚ್ಚಿ ಹಿಡಿದಾಗ ಓಡಿಹೋಗುವ ಪೋರ್ಚುಗೀಸರು ತಮ್ಮ ನಿಧಿಯನ್ನು ಹುಗಿದು, ಕಾವಲಿಗೆಂದು ಆಫ್ರಿಕಾದ ಗುಲಾಮರನ್ನು ಕೊಂದು ಜೊತೆಗೇ ಹುಗಿದರಂತೆ. ಹೀಗೆಂದು ಅಲ್ಲಿನ ಐತಿಹ್ಯ. ಆ ಗುಲಾಮನೇ ಈಗ ಕಾಪ್ಪಿರಿ ಮುತ್ತಪ್ಪನ್. ಮಟ್ಟಾಂಚೇರಿಯಲ್ಲಿ ಗೋಡೆಯ ಬದಿಯ ಸಣ್ಣ ಗುಡಿ. ಅವನಿಗೆ ಪುಟ್ಟು, ಮಾಂಸ, ಹೆಂಡ, ಚುಟ್ಟಾ. ನಮ್ಮ ತಾತನ ಬೀಡಿಯ ಹಾಗೆ! ಅವನಿಗೆ ಮಕ್ಕಳು-ಮೊಮ್ಮಕ್ಕಳು ಯಾರೂ ಉಳಿಯಲಿಲ್ಲ, ಬೇರೆಯವರೇ ಎಡೆ ಇಡುತ್ತಿದ್ದಾರೆ.

ಒಂದು ನಾಟಕದ ಸಂಗತಿ ಹೇಳಿ ಮುಗಿಸುತ್ತೇನೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಯಲ್ಲಾಪುರ ತಾಲೂಕಿನ ಮಂಚಿಕೇರಿ ಕಡೆಯ ಸಿದ್ದಿಗಳೊಂದಿಗೆ ರಂಗಶಿಬಿರ ನಡೆಸಿತು. ಅವರು ಆಡಿದ್ದು ನೈಜೀರಿಯಾದ ಚಿನುವಾ ಅಚೀಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ ನಾಟಕ. ಆ ಕಾದಂಬರಿಯ ಇಗ್ಬೋ ಹಳ್ಳಿಯಲ್ಲಿ ಹಿರಿಯರು ಮುಖವಾಡ ತೊಟ್ಟು ಬಂದು ಊರ ನ್ಯಾಯ ಹೇಳುತ್ತಾರೆ. ಮುಖವಾಡದ ಹಿಂದೆ ಯಾರಿದ್ದಾರೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಹೊಸದಾಗಿ ಕ್ರೈಸ್ತನಾದ ಒಬ್ಬ ಹುರುಪಿನಲ್ಲಿ ಒಂದು ಮುಖವಾಡ ಕಿತ್ತುಹಾಕುತ್ತಾನೆ. ಅಂದರೆ ಊರಿನ ಒಬ್ಬ ಹಿರಿಯನನ್ನು ಕೊಂದ ಹಾಗೆ. ಅಲ್ಲಿಂದ ಆ ಊರು ಕುಸಿಯುತ್ತದೆ. ಇಗ್ಬೋ ಜನ ಪಶ್ಚಿಮ ಆಫ್ರಿಕಾದವರು, ಸಿದ್ದಿಗಳ ಮೂಲ ಪೂರ್ವ ತೀರದಲ್ಲಿ. ನಡುವೆ ಇಡೀ ಖಂಡವೇ ಇದೆ, ನೆಂಟಸ್ತನ ಹೇಳುವಂತಿಲ್ಲ. ಆದರೂ ಆ ಕಥೆ ಉತ್ತರ ಕನ್ನಡದ ಕಾಡಿನಲ್ಲಿ, ಹಿರಿಯರಿಗೆ ಎಡೆ ಇಡುವ ಸಿದ್ದಿಗಳ ಬಾಯಲ್ಲಿ, ಕನ್ನಡದಲ್ಲಿ ಕೇಳಿಬಂತು.

ಮಹಾಲಯ ಕಳೆದು ತಿಂಗಳು ತುಂಬುವ ಮೊದಲೇ ಬೆಹಾಲಾದಲ್ಲಿ ಭೂತ ಚತುರ್ದಶಿ ಬರುತ್ತದೆ. ನಾವು ಎಣ್ಣೆಸ್ನಾನ ಮಾಡುವ ನರಕ ಚತುರ್ದಶಿಯೇ ಅದು. ಬಜಾರಿನಲ್ಲಿ ಹದಿನಾಲ್ಕು ಬಗೆಯ ಸೊಪ್ಪಿನ ಕಟ್ಟು ಮಾರುತ್ತಾರೆ. ಸಂಜೆ ಮನೆಯ ಮೂಲೆ ಮೂಲೆಗೆ ಹದಿನಾಲ್ಕು ದೀಪ, ಹದಿನಾಲ್ಕು ತಲೆಮಾರಿನ ಹಿರಿಯರಿಗೆ. ತಲೆಮಾರಿಗೆ ಇಪ್ಪತ್ತೈದು ವರ್ಷ ಎಂದುಕೊಂಡರೂ ಮುನ್ನೂರೈವತ್ತು ವರ್ಷ. ಸಿದ್ದಿಯೊಬ್ಬರು ಹೀಗೆ ದೀಪ ಹಚ್ಚುತ್ತಾ ಹೋದರೆ ಕೊನೆಯ ಕೆಲವು ದೀಪಗಳು ಗೋವೆಯ ಆಚೆ, ಸಮುದ್ರದ ಆಚೆ ಹೋಗಬೇಕಾಗುತ್ತದೆ. ನಮ್ಮಲ್ಲಿ ಶ್ರಾದ್ಧದಲ್ಲಿ ಹೆಸರು ಹೇಳುವುದು ತಂದೆ, ಅಜ್ಜ, ಮುತ್ತಜ್ಜ, ಮೂರು ತಲೆಮಾರು. ನಾಲ್ಕನೆಯವರ ಹೆಸರು ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೇ, ಈ ಹಬ್ಬಕ್ಕೆ ಊರಿಗೆ ಫೋನ್ ಮಾಡಿದಾಗ ಕೇಳಿ ನೋಡಿ.